ಮೂರು ಕೂದಲಿನಷ್ಟು ಉದ್ದ

ತಾವೊಯುವಾನ್‌ನ ನಮ್ಮ ಕಾರ್ಖಾನೆಯಲ್ಲಿ, ಸರ್ಕ್ಯೂಟ್ ಬೋರ್ಡಿನ ಮೇಲೆ ಚಿಪ್‌ನ ಕಾಲುಗಳು ಕೂರುವ ತಾಮ್ರದ ಪ್ಯಾಡುಗಳ ನಕ್ಷೆ ಬಿಡಿಸುವುದು ನನ್ನ ಕೆಲಸ. ನನಗಿಂತ ಮೊದಲು ಈ ಕೆಲಸ ಮಾಡುತ್ತಿದ್ದ, ಈಗ ತೀರಿಹೋದ ಚುವಾಂಗ್ ಮೇಷ್ಟ್ರು ಅವನ್ನು ಬೇಕಾದದ್ದಕ್ಕಿಂತ ಮೂರು ಕೂದಲಿನ ದಪ್ಪದಷ್ಟು ಉದ್ದವಾಗಿ ಬಿಡಿಸಿಟ್ಟಿದ್ದರು. ಮುದುಕನ ಹಳೇ ಚಾಳಿ, ಜಾಗ ದಂಡ ಎಂದು ಗೊಣಗಿ ನಾನು ಗಿಡ್ಡ ಮಾಡಿದೆ. ಕಡತದಲ್ಲಿ ಅವರು ಬರೆದಿಟ್ಟ ಟಿಪ್ಪಣಿಯನ್ನು ಓದುವ ತಾಳ್ಮೆ ನನಗಿರಲಿಲ್ಲ.

ನನ್ನ ನಕ್ಷೆಯ ಹೊಸ ಬೋರ್ಡುಗಳು ಬಂದ ವಾರದಲ್ಲೇ ಬೀಯುನಕ್ಕ ಮೆಟ್ಟಿಲು ಹತ್ತಿ ನನ್ನ ಮೇಜಿನ ಬಳಿ ಬಂದರು. ಕೆಟ್ಟ ಚಿಪ್ ತೆಗೆದು ಹೊಸದನ್ನು ಕೈಯಲ್ಲೇ ಬೆಸೆಯುವವರು ಅವರು.

"ನಾನು ಕೆಲಸ ಬಿಡ್ತೀನಮ್ಮ. ಕೈ ನಡುಗ್ತಿದೆ. ಬೆಸುಗೆ ಪಕ್ಕದ ಕಾಲಿಗೂ ಅಂಟ್ಕೊಳ್ತಿದೆ."

"ಯಾವಾಗಿಂದ ಅಕ್ಕ?"

"ಈ ವಾರದಿಂದ. ಹೋದ ವಾರದವರೆಗೂ ಕಲ್ಲಿನ ಹಾಗಿತ್ತು. ಚುವಾಂಗ್ ಇದ್ದಿದ್ರೆ, ಮುದುಕಿ ಆದೆ ಅಂತ ಆಡ್ಕೊಂಡು ನಗ್ತಿದ್ದ."

ಅವರು ಇಳಿದುಹೋದ ಮೇಲೆ ಹಳೆಯ ಕಡತ ತೆರೆದು ಟಿಪ್ಪಣಿ ಓದಿದೆ.

'ಬೀಯುನ್ ಕೈ ನಡುಗುತ್ತಿದೆ. ಬೆಸುಗೆ ಕಡ್ಡಿಯ ತುದಿ ಜಾರದೆ ನಿಲ್ಲಲೆಂದು ಪ್ಯಾಡ್ ಉದ್ದ ಮಾಡಿದ್ದೇನೆ. ಅವಳಿಗೆ ಹೇಳಬೇಡಿ.'

ಕೆಳಗಿದ್ದ ತಾರೀಕು ಒಂಬತ್ತು ವರ್ಷ ಹಿಂದಿನದು.

ಪ್ಯಾಡುಗಳನ್ನು ಮತ್ತೆ ಉದ್ದ ಮಾಡಿದೆ. ಆಮೇಲೆ ಕೆಳಗಿಳಿದು ಬೀಯುನಕ್ಕನ ಪಕ್ಕದಲ್ಲಿ ನಿಂತೆ.

"ತಪ್ಪು ನನ್ನ ನಕ್ಷೇದು ಅಕ್ಕ," ಅಂದೆ. "ನಿಮ್ಮ ಕೈಗೆ ಏನೂ ಆಗಿಲ್ಲ."