ಗಾಲಿಯ ಸುತ್ತ ಡಾಂಬರು

ಮೂಡಲಪಾಳ್ಯದ ಆ ಓಣಿ ಹತ್ತು ಅಡಿ ಅಗಲ, ಅರವತ್ತು ಅಡಿ ಉದ್ದ. ರಸ್ತೆ ಕಡೆಗಿರುವ ಮೂರಂತಸ್ತಿನ ಕಟ್ಟಡ ಚಿಕ್ಕಣ್ಣನದು. ಓಣಿಯ ಕೊನೆಯ ಹಳೇ ಮನೆ ಅವನ ಅತ್ತಿಗೆ ವೆಂಕಟಲಕ್ಷ್ಮಮ್ಮನದು. ಅವಳ ಮಾವ ಬದುಕಿದ್ದಾಗ ಇಬ್ಬರು ಮಕ್ಕಳಿಗೂ ಸೇರಿ ಓಣಿಗೆ ಹಾಕಿಸಿದ ಡಾಂಬರು ಅದು. ಗೇಟು ದಾಟಿ ನಾಲ್ಕು ಹೆಜ್ಜೆ ಒಳಗೆ ಬಂದರೆ ಒಂದು ಗುಂಡಿ. ನಾಲ್ಕು ಮಳೆಗಾಲ ಕಂಡ ಗುಂಡಿ.

ಮುಚ್ಚುವವರಿಲ್ಲದೆ ಉಳಿದ ಗುಂಡಿಯಲ್ಲ ಅದು. ಒಬ್ಬರು ಇನ್ನೊಬ್ಬರಿಗೆ ಮುಚ್ಚಲು ಬಿಡದೆ ಉಳಿದದ್ದು. ಅಣ್ಣ ತೀರಿಕೊಂಡ ವರ್ಷ ತಿರುಗುವುದರೊಳಗೆ ಚಿಕ್ಕಣ್ಣ, ಓಣಿ ತನ್ನದೆಂದು ಕೋರ್ಟಿಗೆ ಹೋದ. ಅವನ ವಕೀಲರು ಒಂದು ಮಾತು ಹೇಳಿದ್ದರು: ದಾರಿಯನ್ನು ಯಾರು ರಿಪೇರಿ ಮಾಡಿಸುತ್ತಾರೋ, ದಾರಿ ಅವರ ಸ್ವಾಧೀನದಲ್ಲಿದೆ ಎಂದು ತೋರಿಸಬಹುದು. ಮಾತಿಗೆ ಗೋಡೆ ಅಡ್ಡವೇ. ಅದು ವೆಂಕಟಲಕ್ಷ್ಮಮ್ಮನ ಕಿವಿಗೂ ಬಿತ್ತು.

ಅವಳು ಒಂದು ಸಲ ಇಟ್ಟಿಗೆ ಚೂರು ತಂದು ಸುರಿಸಿದಳು. ಮಾರನೆಯ ಬೆಳಿಗ್ಗೆ ಚಿಕ್ಕಣ್ಣ ಆಳು ಕರೆಸಿ ಒಂದೊಂದು ಚೂರನ್ನೂ ಎತ್ತಿಸಿ ಅವಳ ಬಾಗಿಲ ಮುಂದೆ ರಾಶಿ ಹಾಕಿಸಿದ. ಚಿಕ್ಕಣ್ಣ ಸಿಮೆಂಟು ಕಲಸಿಸಿದ ದಿನ ಅವಳು ಗುಂಡಿಯೊಳಗೆ ಸ್ಟೂಲು ಹಾಕಿಕೊಂಡು ಕುಳಿತು ಎರಡು ಸೇರು ಅವರೆಕಾಯಿ ಬಿಡಿಸಿದಳು. ಬಾಂಡಲಿಯಲ್ಲೇ ಸಿಮೆಂಟು ಗಟ್ಟಿಯಾಯಿತು. ಆಮೇಲೆ ಪಾತ್ರೆ ತೊಳೆದ ನೀರನ್ನು ಅಷ್ಟು ದೂರ ಹೊತ್ತು ತಂದು ಗುಂಡಿಗೇ ಸುರಿಯತೊಡಗಿದಳು, ಚಿಕ್ಕಣ್ಣ ಬಿಳಿ ಪಂಚೆ ಉಟ್ಟು ದೇವಸ್ಥಾನಕ್ಕೆ ಹೋಗುವ ಹೊತ್ತು ನೋಡಿಕೊಂಡು. ಅವಳೇನೂ ಸಾಧು ಹೆಂಗಸಲ್ಲ.

ಚಿಕ್ಕಣ್ಣ ಮೊದಲು ಅವಳನ್ನು ಅತ್ತಿಗೆ ಎನ್ನುತ್ತಿದ್ದ, ನೀವು ಎನ್ನುತ್ತಿದ್ದ. ಅವನ ಮದುವೆಗೆ ಮುಂಚೆ ಹನ್ನೊಂದು ವರ್ಷ ಅವಳೇ ಮುದ್ದೆ ತಿರುವಿ ಬಡಿಸಿದ್ದಳು. ಕೇಸಿನ ನಂತರ ಅವನ ಬಾಯಲ್ಲಿ ಅವಳು ‘ಏನಮ್ಮ’ ಆದಳು.

ಈಗ ಹತ್ತು ದಿನದ ಹಿಂದೆ ಅವಳ ಮಗಳು ದಿವ್ಯಳಿಗೆ ನೋವು ಬಂತು. ಅಳಿಯ ಮೋಹನ್ ಕುಮಾರ್ ಕಾರು ಎಷ್ಟು ನಿಧಾನ ಬಿಟ್ಟರೂ ಗಾಲಿ ಗುಂಡಿಗೆ ಇಳಿದೇ ಇಳಿಯಿತು. ದಿವ್ಯ ಮುಂದಿನ ಸೀಟು ಹಿಡಿದು ಕೂಗಿದ ಕೂಗಿಗೆ ಬೀದಿಯವರೆಲ್ಲ ಹೊರಗೆ ಬಂದರು. ಚಿಕ್ಕಣ್ಣ ಮೊದಲ ಮಹಡಿಯ ಬಾಲ್ಕನಿಯಲ್ಲಿ ನಿಂತು ಹಲ್ಲುಜ್ಜುತ್ತಿದ್ದ. ಉಜ್ಜುವುದನ್ನು ನಿಲ್ಲಿಸಲಿಲ್ಲ.

ವೆಂಕಟಲಕ್ಷ್ಮಮ್ಮ ಅದನ್ನು ನೋಡಿದಳು.

ವಿಜಯನಗರದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಗಂಡು ಮಗು ತೆಗೆದರು. ನಾಲ್ಕನೆಯ ದಿನ ಹೊಲಿಗೆ ಬಿಟ್ಟುಕೊಂಡು ಮತ್ತೆ ಹಾಕಬೇಕಾಯಿತು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಇಷ್ಟೇ: ಕುಲುಕಾಟ ಕೂಡದು, ಜಾಸ್ತಿ ನಡೆಸಲೂ ಕೂಡದು. ಶುಕ್ರವಾರ ಬೆಳಿಗ್ಗೆ ಬರುವುದೆಂದು ಗೊತ್ತಾಯಿತು. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಬಾಣಂತಿ ಮನೆ ಸೇರಬೇಕು.

ಚಂದ್ರಾ ಲೇಔಟ್ ಕಡೆಯ ಒಂದು ಕಲ್ಯಾಣ ಮಂಟಪದ ಪಾರ್ಕಿಂಗ್‌ನಲ್ಲಿ ಲಕ್ಷ್ಮವ್ವ, ಅವಳ ಗಂಡ ಶ್ರೀಶೈಲ ಗುಂಡಿ ಮುಚ್ಚುತ್ತಿದ್ದರು. ಸುರಪುರದ ಕಡೆಯವರು. ವೆಂಕಟಲಕ್ಷ್ಮಮ್ಮ ಗುರುವಾರ ಅರ್ಧ ದಿನ ಬಿಸಿಲಲ್ಲಿ ನಿಂತು ಅವರ ಕೆಲಸ ನೋಡಿದಳು. ಗುಂಡಿಗೆ ಸುಮ್ಮನೆ ಸುರಿಯುವವರಲ್ಲ. ಅಂಚನ್ನು ಚೌಕ ಕತ್ತರಿಸಿ, ಧೂಳು ಗುಡಿಸಿ, ಅಂಚಿಗೆ ಡಾಂಬರು ಬಳಿದು, ಆಮೇಲೆ ಜಲ್ಲಿ ಡಾಂಬರು ಕಲಸಿದ ಬಿಸಿ ಮಾಲು ಹಾಕುತ್ತಾರೆ. ಇವರೇ ಆಗಬೇಕು ಅಂದುಕೊಂಡು ಕರೆದಳು. ಕೇಸಿನ ವಿಷಯ ಹೇಳಲಿಲ್ಲ.

ಶುಕ್ರವಾರ ಎಂಟು ಗಂಟೆಗೆ ಅವರು ಬಂದು ಹಾರೆ ಹಿಡಿದರು. ಚಿಕ್ಕಣ್ಣ ದೇವಸ್ಥಾನಕ್ಕೆ ಹೋಗಿದ್ದ. ಒಂಬತ್ತಕ್ಕೆ ಗುಂಡಿ ಅಡುಗೆಮನೆಯ ಹಾಗೆ ಚೊಕ್ಕಟವಾಗಿತ್ತು. ಒಂಬತ್ತೂಕಾಲಿಗೆ ಲಗೇಜ್ ಆಟೊದಲ್ಲಿ ಬಿಸಿ ಮಾಲು ಬಂತು. ಟಾರ್ಪಾಲಿನ ಸಂದಿಯಿಂದ ಹೊಗೆ ಏಳುತ್ತಿತ್ತು.

ಅದೇ ಹೊತ್ತಿಗೆ ಚಿಕ್ಕಣ್ಣನೂ ಬಂದ. ಆಟೊ ನೋಡಿದ, ಚೌಕ ನೋಡಿದ. ಕಟ್ಟಡದ ಕೆಳಗಿನ ಪಾರ್ಕಿಂಗ್ ಒಳಗೆ ಹೋಗಿ ತನ್ನ ದೊಡ್ಡ ಗಾಡಿ ಸ್ಟಾರ್ಟ್ ಮಾಡಿ, ಓಣಿಗೆ ತಂದು, ಮುಂದಿನ ಎಡಗಾಲಿಯನ್ನು ನೇರ ಗುಂಡಿಯೊಳಕ್ಕೆ ಇಳಿಸಿದ. ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಪ್ಲಾಸ್ಟಿಕ್ ಕುರ್ಚಿ ತರಿಸಿ ಪಕ್ಕದಲ್ಲಿ ಕುಳಿತ.

‘‘ಮಂಜು,’’ ಎಂದು ಮೇಲೆ ನೋಡಿ ಮಗನನ್ನು ಕರೆದ. ‘‘ಮೊಬೈಲ್ ತಗೊ. ವಿಡಿಯೊ ಮಾಡು. ನನ್ ಜಾಗದಲ್ಲಿ ಯಾರ್ ಯಾರ್ ಏನೇನ್ ಮಾಡ್ತಾರೆ, ಎಲ್ಲ ಬರ್ಬೇಕು.’’

ಮಂಜುನಾಥ್ ಬಾಲ್ಕನಿಯಿಂದ ಫೋನು ಚಾಚಿದ. ‘‘ಆನ್ ಮಾಡಿದೀನಪ್ಪ.’’

ಲಕ್ಷ್ಮವ್ವ ಸಲಿಕೆ ನೆಲಕ್ಕೂರಿ ವೆಂಕಟಲಕ್ಷ್ಮಮ್ಮನ ಮುಖ ನೋಡಿದಳು. ‘‘ಯವ್ವಾ, ಇದೇನ್ರಿ ಇದು? ನಮಗ ಜಗಳದ ಗುಂಡಿ ಅಂತ ಹೇಳಲಿಲ್ಲಲ್ಲ ನೀವು.’’

‘‘ಹೇಳಿದ್ರೆ ಬರ್ತಿರ್ಲಿಲ್ಲ.’’

‘‘ಖರೇನ, ಬರ್ತಿರಲಿಲ್ಲ.’’

ಶ್ರೀಶೈಲ ಟಾರ್ಪಾಲಿನ ಕೆಳಗೆ ಕೈ ತೂರಿಸಿ ಬಿಸಿ ನೋಡಿದ. ‘‘ಹೆಚ್ಚಂದ್ರ ಮುಕ್ಕಾಲು ತಾಸು ನೋಡ್ರಿ. ಆಮ್ಯಾಗ ಇದು ಮಾಲಲ್ಲ, ಬಂಡಿಗಲ್ಲು.’’

‘‘ಚಿಕ್ಕಣ್ಣ,’’ ಅಂದಳು ವೆಂಕಟಲಕ್ಷ್ಮಮ್ಮ. ‘‘ಬಾಣಂತಿ ಬರ್ತಾಳೆ. ಗಾಡಿ ತೆಗಿ.’’

‘‘ಬರ್ಲಿ. ಯಾರ್ ಬೇಡ ಅಂದ್ರು? ಗೇಟ್ ಹತ್ರ ಇಳ್ದು ನಡ್ಕೊಂಡ್ ಬರ್ಲಿ. ನಮ್ಮಮ್ಮ ನನ್ನ ಹೆತ್ತ್ ಮೂರನೇ ದಿನ ಹೊಲಕ್ಕೆ ಹೋಗಿದ್ಲು.’’

‘‘ಅದಕ್ಕೇ ನೀನ್ ಹಿಂಗಾಗಿರೋದು. ನೋಡ್ಕೊಳೋಕೆ ಪುರುಸೊತ್ತಿರ್ಲಿಲ್ಲ ಅವ್ರಿಗೆ.’’

ಶ್ರೀಶೈಲ ನಗು ತಡೆಯಲು ಆಟೊದ ಕಡೆ ತಿರುಗಿಕೊಂಡ. ಚಿಕ್ಕಣ್ಣನ ಕುತ್ತಿಗೆ ಕೆಂಪಾಯಿತು. ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದ. ಮಡಿಕೆಗಳು ಸವೆದಿದ್ದವು, ಬಹಳ ದಿನದಿಂದ ಜೇಬಿನಲ್ಲೇ ಕಾದಿದ್ದ ಕಾಗದ.

‘‘ನೋಡಮ್ಮ, ನಾನೇನ್ ಕಟುಕ ಅಲ್ಲ. ಇಲ್ಲೊಂದು ಹೆಬ್ಬೆಟ್ಟು ಒತ್ತು. ರಿಪೇರಿ ನಾನೇ ಮಾಡಿಸ್ದೆ ಅಂತ, ಅಷ್ಟೇ. ಗಾಡಿ ತೆಗೀತೀನಿ. ನಿನ್ ಮಗಳು ಹೂವಿನ ಮೇಲೆ ಬಂದಂಗ್ ಬರ್ತಾಳೆ.’’

‘‘ಅಷ್ಟೇನಾ?’’

‘‘ಅಷ್ಟೇ.’’

ಅವಳು ಕಾಗದ ಹಿಡಿದು ಮನೆಯೊಳಗೆ ಹೋಗಿ ಕನ್ನಡಕ ತಂದಳು. ಪಾರ್ಕಿಂಗ್ ಮೆಟ್ಟಿಲ ಮೇಲೆ ಕುಳಿತು, ಸಾಲಿನ ಕೆಳಗೆ ಬೆರಳು ಸರಿಸುತ್ತ ಓದತೊಡಗಿದಳು. ಚಿಕ್ಕಣ್ಣ ಹೆಬ್ಬೆಟ್ಟಿಗೆಂದು ಇಂಕಿನ ಡಬ್ಬಿ ತೆರೆದು ಹಿಡಿದಿದ್ದ. ಲಕ್ಷ್ಮವ್ವ ಆಟೊದ ಹೊಗೆ ನೋಡುತ್ತಿದ್ದಳು. ಹೊಗೆ ತೆಳ್ಳಗಾಗುತ್ತಿತ್ತು. ಮೊದಲ ಸಾಲು ರಿಪೇರಿಯದು. ಎರಡನೆಯದು ತಾರೀಖು. ಮೂರನೆಯ ಸಾಲಿಗೆ ಬಂದು ಅವಳ ಬೆರಳು ನಿಂತಿತು. ಅದನ್ನು ಅವಳು ಗಟ್ಟಿಯಾಗಿ ಓದಿದಳು, ಬಾಲ್ಕನಿಗೂ ಕೇಳುವ ಹಾಗೆ.

‘‘ಸದರಿ ಓಣಿಯಲ್ಲಿ ನಾನು ಮತ್ತು ನನ್ನ ವಾರಸುದಾರರು ಓಡಾಡುವುದು ಚಿಕ್ಕಣ್ಣನವರ ಅನುಮತಿಯಿಂದ ಮಾತ್ರ.’’

ಚಿಕ್ಕಣ್ಣ ಇಂಕಿನ ಡಬ್ಬಿ ಮುಚ್ಚಿದ.

ಅವಳಿಗೆ ಸಿಟ್ಟು ಬಂದಿತೆಂದರೆ ಸಿಟ್ಟಲ್ಲ. ಒಂದು ಕ್ಷಣ ಕೈ ಆ ಕಾಗದದ ಕಡೆಗೇ ವಾಲಿತ್ತು. ಮಗಳ ಹೊಟ್ಟೆಯ ಮೇಲಿನ ಎರಡನೆಯ ಹೊಲಿಗೆ ಕಣ್ಣ ಮುಂದಿತ್ತು. ಒತ್ತಿಬಿಟ್ಟರೆ ಇವತ್ತು ಮಗಳು ಸುಖವಾಗಿ ಒಳಗೆ ಬರುತ್ತಾಳೆ. ನಾಳೆಯಿಂದ ಆ ಮಗಳು, ಆ ಮಗು, ಪ್ರತಿಸಲ ಇವನನ್ನು ಕೇಳಿ ಬರಬೇಕು. ಅವಳು ಎದ್ದು ಹೋಗಿ ಕಾಗದವನ್ನು ಮಡಿಸಿ, ಗಾಲಿಯ ಪಕ್ಕ ಗುಂಡಿಯೊಳಗೆ ಹಾಕಿದಳು.

‘‘ಲಕ್ಷ್ಮವ್ವ, ಮಾಲು ಹಾಕು.’’

‘‘ಎಲ್ಲಿ ಹಾಕ್ಲೆವ್ವಾ? ಗಾಲಿ ಐತಲ್ಲ.’’

‘‘ಗಾಲಿ ಸುತ್ತ ಹಾಕು.’’

ಲಕ್ಷ್ಮವ್ವ ಗಂಡನನ್ನು ನೋಡಿದಳು. ಶ್ರೀಶೈಲ ಆಟೊದಲ್ಲಿದ್ದ ಮಾಲನ್ನು ನೋಡಿದ. ಆರಿಹೋದ ಮಾಲನ್ನು ಎಲ್ಲಿ ಸುರಿಯುವುದು, ಆಟೊದ ತಳಕ್ಕೆ ಹಿಡಿದರೆ ಕೆತ್ತುವವರು ಯಾರು, ಇವೆರಡೇ ಅವನ ಚಿಂತೆ. ತಲೆಯಾಡಿಸಿದ. ಲಕ್ಷ್ಮವ್ವ ಬಗ್ಗಿ ಕಾಗದ ಎತ್ತಿ ಗಾಡಿಯ ಬಾನೆಟ್ ಮೇಲಿಟ್ಟಳು.

‘‘ತಳದಾಗ ಕಾಗದ ಇರಬಾರದ್ರಿ. ಮಾಲು ಹಿಡಿಯೂದಿಲ್ಲ.’’

ಮೊದಲ ಬುಟ್ಟಿ ಬಿತ್ತು. ಎರಡನೆಯದು ಬಿತ್ತು. ಚಿಕ್ಕಣ್ಣ ಕುರ್ಚಿಯಲ್ಲಿ ಒರಗಿಕೊಂಡೇ ನಕ್ಕ. ‘‘ಹಾಕಿ, ಹಾಕಿ. ಮಂಜು, ಬರ್ತಾ ಇದೆಯಾ? ಗಾಡಿ ಡ್ಯಾಮೇಜ್ ಕೇಸೂ ಸೇರಿಸ್ತೀನಿ.’’

‘‘ಅಪ್ಪ, ಟಯರಿಂದ ಹೊಗೆ ಬರ್ತಿದೆ,’’ ಅಂದ ಮಂಜುನಾಥ್ ಮೇಲಿನಿಂದ.

‘‘ಟಯರಿಂದ ಅಲ್ವೋ, ಡಾಂಬರಿಂದ.’’

‘‘ಎರಡ್ರಿಂದಾನೂ ಬರ್ತಿದೆ.’’

ಶ್ರೀಶೈಲ ಸಂದಿಗೆ ಸಲಿಕೆ ತೂರಿಸಿ ಮಾಲನ್ನು ಗಾಲಿಯ ಒತ್ತಿಗೆ ತುಂಬಿದ. ಲಕ್ಷ್ಮವ್ವ ನೀರಿನ ಡಬ್ಬ ತಂದಳು. ‘‘ಅಣ್ಣಾರ, ಟಯರಿಗೆ ಒಂದೀಟು ನೀರು ಹೊಡೀತೀನಿ. ಇಲ್ಲಾಂದ್ರ ಅಂಟತೈತಿ. ಇನ್ನ ಹತ್ತು ಮಿನಿಟಿಗೆ ಇದು ಬಿಗೀತೈತಿ, ಆಮ್ಯಾಗ ಮಿಷಿನ್ ತಂದು ಒಡಸಬೇಕು ನೋಡ್ರಿ ನಿಮ್ಮ ಗಾಲೀನ.’’

‘‘ನನ್ ಗಾಡಿ ಮುಟ್ಟಿದ್ರೆ ಕೈ ಮುರೀತೀನಿ.’’

‘‘ಮುಟ್ಟಾಂಗಿಲ್ಲ ಬಿಡ್ರಿ.’’ ಅವಳು ಡಬ್ಬ ಕೆಳಗಿಟ್ಟಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಅದೇ ಚಿಕ್ಕಣ್ಣನನ್ನು ಅಲುಗಿಸಿತು. ಮನುಷ್ಯ ಜಗಳಗಂಟರನ್ನು ನಂಬದಿರಬಹುದು, ಕೆಲಸ ಬಲ್ಲವರನ್ನು ನಂಬಲೇಬೇಕಾಗುತ್ತದೆ. ಅವನು ಬಗ್ಗಿ ನೋಡಿದ. ಗಾಲಿಯ ಬುಡ ಮುಳುಗಿತ್ತು.

ಎದ್ದವನೇ ಗಾಡಿ ಹತ್ತಿ ಸ್ಟಾರ್ಟ್ ಮಾಡಿ ಹಿಂದಕ್ಕೆಳೆದ. ಗಾಲಿ ಬಿಸಿ ಮಾಲಿನ ಮೇಲೆ ಅರ್ಧ ಏರಿ ಜಾರಿ ಮತ್ತೆ ಗುಂಡಿಗೇ ಬಿತ್ತು. ಏರಿದಷ್ಟು ಹೊತ್ತಿನಲ್ಲಿ ಲಕ್ಷ್ಮವ್ವ ಅದರಡಿಗೆ ಒಂದು ಸಲಿಕೆ ನೂಕಿದಳು. ಅವನು ಮುಂದಕ್ಕೆ ಬಂದ. ಆ ಕಡೆ ಶ್ರೀಶೈಲ ಒಂದು ಸಲಿಕೆ ನೂಕಿದ. ಹಿಂದೆ, ಮುಂದೆ, ಹಿಂದೆ. ಪ್ರತಿ ಸಲ ಎರಡು ಟನ್ನಿನ ಗಾಡಿ ಗುಂಡಿಯನ್ನು ತುಳಿಯಿತು. ಪ್ರತಿ ಸಲ ಗುಂಡಿ ಎರಡು ಬೆರಳು ಮೇಲೆ ಬಂತು.

‘‘ಛಲೋ ಕುಂದರ್ತೈತಿ,’’ ಅಂದಳು ಲಕ್ಷ್ಮವ್ವ. ‘‘ಇನ್ನೊಂದ್ಸಲ ಬರ್ರಿ ಅಣ್ಣಾರ. ಬಲಕ್ಕ. ಹಾಂ, ಹಿಂಗ.’’

ಬೀದಿಯಲ್ಲಿ ನಿಂತಿದ್ದವರು ನಗತೊಡಗಿದರು. ‘‘ಚಿಕ್ಕಣ್ಣ, ರೋಲರ್ ಯಾವಾಗ ತಗೊಂಡೆ?’’ ಎಂದು ಯಾರೋ ಕೇಳಿದರು. ಕೊನೆಗೆ ಗಾಡಿ ಹೊರಳಿ ಹಿಂದಕ್ಕೆ ಪಾರ್ಕಿಂಗ್ ಸೇರಿದಾಗ ಗುಂಡಿ ಮುಕ್ಕಾಲು ತುಂಬಿ ಬಿಗಿದಿತ್ತು. ಮೇಲಿನ ಪದರ ಹರಡಿ ದಮ್ಮಸು ಬಡಿಯುವುದಷ್ಟೇ ಉಳಿದಿತ್ತು. ಶ್ರೀಶೈಲ ಬಡಿದ. ಗಂಟೆ ಹತ್ತು ಹೊಡೆಯಿತು.

‘‘ವಿಡಿಯೊ ಬಂತೇನೋ?’’ ಚಿಕ್ಕಣ್ಣ ಗಾಡಿಯಿಂದಿಳಿಯುತ್ತ ಕೇಳಿದ.

‘‘ಎಲ್ಲಾ ಬಂದಿದೆ ಅಪ್ಪ,’’ ಅಂದ ಮಂಜುನಾಥ್. ‘‘ನೀವ್ ತುಳಿದಿದ್ದೂ ಬಂದಿದೆ, ಆವಮ್ಮ ಕಾಗದ ಓದಿದ್ದೂ ಬಂದಿದೆ. ಅಳಿಸ್ಲಾ?’’

ಬಾನೆಟ್ ಮೇಲಿದ್ದ ಕಾಗದ ಕೆಳಗೆ ಬಿದ್ದಿತ್ತು; ಚಿಕ್ಕಣ್ಣ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡ.

ಹತ್ತೂಕಾಲಿಗೆ ಮೋಹನ್ ಕುಮಾರನ ಕಾರು ಗೇಟಿಗೆ ಬಂತು. ಶ್ರೀಶೈಲ ಕೈ ಅಡ್ಡ ಹಿಡಿದು, ಹೊಸ ಚೌಕದ ಮೇಲೆ ಪಾದ ಒತ್ತಿ ನೋಡಿ, ಬರಬಹುದು ಅಂದ. ವೆಂಕಟಲಕ್ಷ್ಮಮ್ಮ ಕಾರನ್ನು ನೋಡಲಿಲ್ಲ, ಗಾಲಿಯನ್ನು ನೋಡಲಿಲ್ಲ. ಹಿಂದಿನ ಸೀಟಿನ ಕಿಟಕಿಯಲ್ಲಿ ಮಗಳ ಮುಖವನ್ನೇ ನೋಡುತ್ತಿದ್ದಳು. ದಿವ್ಯ ಮುಂದಿನ ಸೀಟನ್ನು ಆಗಲೇ ಗಟ್ಟಿಯಾಗಿ ಹಿಡಿದು, ಹಲ್ಲು ಕಚ್ಚಿ, ಆ ಜಾಗಕ್ಕೆ ಕಾದಿದ್ದಳು. ಮುಂದಿನ ಗಾಲಿ ದಾಟಿತು. ಹಿಂದಿನ ಗಾಲಿ ದಾಟಿತು. ದಾಟಿ ಹತ್ತಡಿ ಹೋದ ಮೇಲೂ ಅವಳು ಕಾಯುತ್ತಲೇ ಇದ್ದಳು. ಆಮೇಲೆ ಕೈ ಸಡಿಲಿಸಿದಳು.

ಚಿಕ್ಕಣ್ಣ ಕುರ್ಚಿ ಎತ್ತಿಕೊಂಡು ನಿಂತಿದ್ದ. ‘‘ನೆನಪಿರ್ಲಿ ಏನಮ್ಮ. ನನ್ ಗಾಡಿ ತುಳಿದಿದ್ದು. ರಿಪೇರಿ ನಂದೇ ಅಂತ ಹೇಳ್ತೀನಿ ಕೋರ್ಟಲ್ಲಿ.’’

‘‘ಹೇಳು. ಟಯರ್ ಬಿಚ್ಕೊಂಡ್ ಹೋಗಿ ಸಾಕ್ಷಿ ಹೇಳಿಸು.’’

ಅವಳು ಆರತಿ ತಟ್ಟೆ ತರಲು ಒಳಗೆ ಹೋದಳು. ಬಾಣಂತಿಗೂ ಮಗುವಿಗೂ ನಿವಾಳಿಸಿದ ಕೆಂಪು ನೀರನ್ನು ದಾರಿಗೆ ಚೆಲ್ಲುವುದು ವಾಡಿಕೆ. ಅವಳು ಅದನ್ನು ತನ್ನ ಬಾಗಿಲಲ್ಲಿ ಚೆಲ್ಲಲಿಲ್ಲ. ಐವತ್ತು ಅಡಿ ಹೊತ್ತುಕೊಂಡು ಬಂದು, ಚಿಕ್ಕಣ್ಣ ನೋಡುತ್ತಿರುವಂತೆಯೇ, ಕಪ್ಪು ಚೌಕದ ಮೇಲೆ ಚೆಲ್ಲಿ ಹೋದಳು.

ನೀರು ಹೊಡೆಸಿಕೊಳ್ಳದ ಟಯರಿನ ಸಂದಿ ಸಂದಿಗೂ ಡಾಂಬರು ಹಿಡಿದು, ಅದರಲ್ಲಿ ಜಲ್ಲಿ ಕಚ್ಚಿಕೊಂಡಿತ್ತು. ಚಿಕ್ಕಣ್ಣ ಎರಡು ದಿನ ಚಾಕು ಹಿಡಿದು ಕೂತು ಕೆತ್ತಿದ. ಕೆಲವು ಬಂದವು, ಕೆಲವು ಬರಲಿಲ್ಲ. ಈಗ ಗಾಡಿ ಹೊರಟರೆ ಟಕ್ ಟಕ್, ಬಂದರೆ ಟಕ್ ಟಕ್. ಓಣಿಯ ಕೊನೆಯ ಮನೆಯಲ್ಲಿ ಮಗು ಆ ಸದ್ದಿಗೆ ಬೆಚ್ಚಿ ಎದ್ದು ಅಳುತ್ತದೆ. ವೆಂಕಟಲಕ್ಷ್ಮಮ್ಮ ಕಿಟಕಿ ಮುಚ್ಚಿ, ಮಗುವನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತಾಳೆ.

‘‘ಹೋದ್ನಪ್ಪ, ಹೋದ,’’ ಅನ್ನುತ್ತಾಳೆ. ‘‘ಸಾಯಂಕಾಲ ಬರ್ತಾನೆ. ಮಲಕ್ಕೊ.’’