ಗಟ್ಟಿ ನೆಲ

“ಗಂಡನ್ನೇ ಹಿಡಿದಿಟ್ಕೊಳ್ಳೋಕೆ ಆಗದೋಳು, ನನ್ನ ಗೋಡೌನು ನಿಲ್ಲಲ್ಲ ಅಂತ ಹೇಳೋಕೆ ಬಂದ್ಲು. ಬಾಯ್ಮುಚ್ಕೊಂಡು ತೋಡು, ಮುಂಡೆ.”

ಧಣಿ ಕೊಡೆಯ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ತಲೆ ಮುಳುಗುವಷ್ಟು ಆಳದ ಗುಂಡಿಯ ತಳದಲ್ಲಿ ಅವಳು ಗುದ್ದಲಿ ಊರಿ ನಿಂತಳು.

“ಓಡಿಹೋದ ಅಂತ ನೀವೇ ಹೇಳ್ತೀರಿ, ಮುಂಡೆ ಅಂತಾನೂ ನೀವೇ ಕರೀತೀರಿ. ಎರಡರಲ್ಲಿ ಯಾವ್ದು ನಿಜ ಧಣಿ?”



ಹಳೆಯ ಗೋಡೌನು ಕುಸಿದು ಎರಡು ವರ್ಷವಾಗಿತ್ತು. ಅಂದು ಗೋಡೆ ಕಟ್ಟುತ್ತಿದ್ದವರು ಮೂವರು. ಎರಡು ಹೆಣ ಸಿಕ್ಕವು. ಮೂರನೆಯವನು, ಅವಳ ಗಂಡ, ಹೆದರಿ ಊರು ಬಿಟ್ಟ ಎಂದು ಧಣಿ ಪೊಲೀಸರಲ್ಲಿ ಬರೆಸಿದ. ಮರುದಿನವೇ ಬಿದ್ದ ಗೋಡೆಯ ಮೇಲೆ ಲಾರಿಗಟ್ಟಲೆ ಮಣ್ಣು ಸುರಿಸಿ ಮಟ್ಟ ಮಾಡಿಸಿದ. ಅಂದಿನಿಂದ ಅವಳು ಬಾಗಿಲಿಗೆ ಅಗುಳಿ ಹಾಕಿ ಮಲಗಿದವಳಲ್ಲ. ಕೆಲವೊಮ್ಮೆ ಹಾಡಹಗಲಲ್ಲೇ ಬೆನ್ನ ಹಿಂದೆ ಅವನ ಕೆಮ್ಮು ಕೇಳುತ್ತಿತ್ತು. ಜೊತೆಯಲ್ಲೇ ಮಣ್ಣು ಹೊರುವ ಅತ್ತೆ, “ನಂಗೂ ಕೇಳಿಸ್ತು ಕಣೇ,” ಎನ್ನುತ್ತಿದ್ದಳು.

ಈಗ ಅದೇ ಜಾಗಕ್ಕೆ ಹೊಸ ನಕ್ಷೆ ಬಂದಿತ್ತು. ನಲವತ್ತಡಿ ಎತ್ತರದ ಗೋಡೆ. ಲಾರಿ ತಿರುಗಲು ಅಡ್ಡಿಯೆಂದು ನಡುವೆ ಒಂದೂ ಕಂಬವಿಲ್ಲ. ಇದನ್ನು ಕಟ್ಟಲು ಆಗುತ್ತದೋ ಇಲ್ಲವೋ ನೋಡಿ ಬರೆದುಕೊಡಲು ಇಂಜಿನಿಯರ್ ಬಂದಿದ್ದ. ಜೊತೆಗೆ ಮೇಸ್ತ್ರಿಯೂ ರುಜು ಹಾಕಬೇಕಿತ್ತು.

“ಗಟ್ಟಿ ನೆಲ ಎಷ್ಟಡಿಗೆ ಸಿಕ್ತು?” ಎಂದು ಇಂಜಿನಿಯರ್ ಕೇಳಿದ.

“ಎಂಟಡಿ ಆಯ್ತು, ಇನ್ನೂ ಸಿಕ್ಕಿಲ್ಲ ಸಾರ್,” ಎಂದ ಮೇಸ್ತ್ರಿ. “ಬರೀ ತುಂಬಿದ ಮಣ್ಣು. ಅಷ್ಟೆತ್ತರ ಗೋಡೆ ಎತ್ತಿದ್ರೆ ವಾಲುತ್ತೆ. ನಡುವೆ ಕಂಬ ಕೊಡಿ, ಇಲ್ಲಾ ಎತ್ತರ ಇಳಿಸಿ.”

“ಆರಡಿಗೆ ಸಿಕ್ತು ಅಂತ ಬರ್ಕೊಳ್ಳಿ,” ಎಂದ ಧಣಿ.

ಇಂಜಿನಿಯರ್ ಒಮ್ಮೆ ಗುಂಡಿಯ ಕಡೆ ನೋಡಿದ. ಆಮೇಲೆ ಬರೆದ. ಕಾಗದ ಮೇಸ್ತ್ರಿಯ ಕೈಗೆ ಬಂತು.

“ಹಾಕೋ ರುಜು. ನಿನ್ನ ಕೇಳಿ ಕಟ್ಟೋಕೆ ಇದೇನು ನಿಮ್ಮಪ್ಪನ ಜಾಗನಾ?” ಎಂದ ಧಣಿ.

ಮೇಸ್ತ್ರಿ ಪೆನ್ನು ಹಿಡಿದ. ಬೆರಳು ಮುಂದೆ ಹೋಗಲಿಲ್ಲ. ಬಿದ್ದ ಗೋಡೆಗೂ ‘ಕಟ್ಟಬಹುದು’ ಎಂದು ರುಜು ಹಾಕಿದ್ದವನು ಅವನೇ.

ಕೆಳಗೆ ಗುದ್ದಲಿ ಮೆತ್ತಗೆ ಏನಕ್ಕೋ ತಾಗಿತು. ಅವಳು ಕುಕ್ಕರುಗಾಲಲ್ಲಿ ಕೂತು ಕೈಯಿಂದ ಮಣ್ಣು ಸರಿಸಿದಳು. ರಬ್ಬರ್ ಚಪ್ಪಲಿ. ಕಿತ್ತ ಬಾರಿಗೆ ತಾಮ್ರದ ತಂತಿ ಬಿಗಿದಿತ್ತು. ಬಿಗಿದವಳು ಅವಳೇ, ಆ ದಿನ ಬೆಳಿಗ್ಗೆ, ಹೊಸಿಲ ಮೇಲೆ ಕೂತು. ಎಳೆದಳು, ಬರಲಿಲ್ಲ. ಒಳಗೆ ಕಾಲಿನ ಮೂಳೆಯಿತ್ತು.

“ಅತ್ತೆ,” ಎಂದಳು, ಅಷ್ಟೇ.

ಮುದುಕಿ ಬುಟ್ಟಿ ಇಳಿಸಿ, ಅಂಚಿಗೆ ಬಂದು ಬಗ್ಗಿದಳು. “ಎಲ್ಲೂ ಹೋಗಿಲ್ಲ ನನ್ ಮಗ,” ಎಂದಳು.

ಧಣಿ ಎದ್ದು ಬಂದು ಇಣುಕಿದ. “ಮುಚ್ರೋ ಇದನ್ನ. ಆ ಕಡೆ ಇನ್ನೊಂದು ತೋಡಿ.”

ಯಾರೂ ಅಲುಗಲಿಲ್ಲ.

“ಕಿವಿ ಕೇಳಲ್ವೇನ್ರೋ ಸೂಳೆಮಕ್ಳಾ?”

ಮೇಸ್ತ್ರಿ ಕಾಗದವನ್ನು ಹರಿದು ಹಾಕಿ ಏಣಿ ಹಿಡಿದು ಇಳಿದ. “ಗುದ್ದಲಿ ಬೇಡ ತಾಯಿ. ಕೈಲೇ ಬಿಡಿಸೋಣ. ನೀನು ತಲೆ ಕಡೆ ಬಾ.”

ಒಬ್ಬೊಬ್ಬರಾಗಿ ಉಳಿದವರೂ ಇಳಿದರು. ಧಣಿ ಲಾರಿಯವನನ್ನು ಕೂಗಿದ. ಮಣ್ಣು ತುಂಬಿದ ಲಾರಿ ಹಿಂದಕ್ಕೆ ಸರಿಯುತ್ತ ಗುಂಡಿಯ ಅಂಚಿಗೆ ಬಂದು ನಿಂತಿತು. ಹಿಂಬದಿಯ ಹಲಗೆಯ ಕೊಂಡಿ ಕಳಚಿದ ಸದ್ದು ಕೇಳಿತು.

ಕೆಳಗೆ ಒಬ್ಬರೂ ತಲೆಯೆತ್ತಲಿಲ್ಲ.