ಗುರುವಾರದ ಟಿಕೆಟ್

ಹನ್ನೊಂದು ವರ್ಷದಿಂದ ನಾನು ವಿಮಾನದ ಟಿಕೆಟ್ಟಿಗೆ ಅಂತ ಜೇಬಿನಿಂದ ಒಂದು ಡಾಲರೂ ಬಿಚ್ಚಿಲ್ಲ. ಇದನ್ನ ಎದೆ ಉಬ್ಬಿಸಿ ಊರೆಲ್ಲ ಹೇಳಿಕೊಂಡು ತಿರುಗಿದವನು ನಾನೇ. ಈಗ ಉಗಿಸಿಕೊಳ್ಳಬೇಕಾದವನೂ ನಾನೇ, ಬಿಡಿ.

ಮಿನಿಯಾಪೊಲಿಸ್‌ನಲ್ಲಿ ಶಾಲೆಯ ಬಸ್ ಓಡಿಸಿ ನಿವೃತ್ತನಾದವನು ನಾನು, ಹೆಸರು ಮೈಲೋ ಹಾಗನ್. ಜೇಬಲ್ಲಿ ಒಂಬತ್ತು ಕ್ರೆಡಿಟ್ ಕಾರ್ಡು. ದಿನಸಿಗೊಂದು, ಪೆಟ್ರೋಲಿಗೊಂದು, ಔಷಧಿಗೊಂದು. ಹೊಸ ಕಾರ್ಡು ತಗೊಂಡು ಮೂರು ತಿಂಗಳಲ್ಲಿ ಅವರು ಹೇಳಿದಷ್ಟು ಖರ್ಚು ಮಾಡಿದರೆ ಅರವತ್ತು ಸಾವಿರ ಪಾಯಿಂಟ್ ಬಹುಮಾನ. ಆ ಖರ್ಚು ತೋರಿಸೋದಕ್ಕೆ ಪಕ್ಕದ ಮನೆಯವನ ಹಲ್ಲಿನ ಡಾಕ್ಟರ ಬಿಲ್ಲನ್ನೂ ನಾನೇ ಕಾರ್ಡಿನಲ್ಲಿ ಕಟ್ಟಿ, ಅವನ ಹತ್ತಿರ ಚೆಕ್ ಇಸ್ಕೊಂಡಿದ್ದೀನಿ. ದುಡ್ಡಿನ ಬದಲು ಆ ಪಾಯಿಂಟ್ ಕೊಟ್ಟರೆ ವಿಮಾನದ ಟಿಕೆಟ್ ಸಿಗುತ್ತೆ. ಹೀಗೆ ಕೂಡಿಟ್ಟದ್ದು ಎಂಟು ಲಕ್ಷದ ನಲವತ್ತು ಸಾವಿರ ಪಾಯಿಂಟು.

ನಮ್ಮದೊಂದು ಕೂಟ ಇದೆ. ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಪ್ಯಾನ್‌ಕೇಕ್ ಹೋಟೆಲಿನ ಮೂಲೆಯ ಮೇಜಿಗೆ ಏಳು ಜನ ಸೇರ್ತೀವಿ. ಯಾರು ಎಷ್ಟು ಪಾಯಿಂಟಿಗೆ ಯಾವ ಟಿಕೆಟ್ ಹೊಡೆದರು ಅನ್ನೋದೇ ಮಾತು. ನಿಯಮ ಒಂದೇ. ಒಂದು ಪಾಯಿಂಟಿಗೆ ಎರಡು ಸೆಂಟಿನ ಬೆಲೆಯಾದರೂ ಹುಟ್ಟಬೇಕು. ಅದಕ್ಕಿಂತ ಕಮ್ಮಿಗೆ ಖರ್ಚು ಮಾಡಿದವನು ಅವತ್ತು ಎಲ್ಲರ ಕಾಫಿಗೂ ದುಡ್ಡು ಕೊಡಬೇಕು, ಮೇಲಿಂದ ಗೇಲಿ ಬೇರೆ. ಹನ್ನೊಂದು ವರ್ಷದಲ್ಲಿ ನಾನು ಒಂದು ಸಲವೂ ಕಾಫಿ ಕುಡಿಸಿಲ್ಲ.

ಈ ಹುಚ್ಚು ಹತ್ತಿಸಿದವಳು ನನ್ನ ಅಕ್ಕ ಆರ್ಲಿಸ್. ನನ್ನ ಬಾಯಲ್ಲಿ ಲಿಸಿ. ಅಪ್ಪ ಹೋದಾಗ ನನಗೆ ಆರು, ಅವಳಿಗೆ ಹದಿನಾಲ್ಕು. ಅಮ್ಮ ಲಾಂಡ್ರಿಯಲ್ಲಿ ದುಡಿಯೋಳು. ಭಾನುವಾರ ಪೇಪರ್ ಬಂತು ಅಂದರೆ ಲಿಸಿ ನನ್ನ ಕೈಗೆ ಕತ್ತರಿ ಕೊಡೋಳು. ಇಬ್ಬರೂ ನೆಲದ ಮೇಲೆ ಕೂತು ರಿಯಾಯಿತಿ ಚೀಟಿ ಕತ್ತರಿಸ್ತಿದ್ವಿ. ಸೋಪಿಗೆ ಹತ್ತು ಸೆಂಟ್, ಬೆಣ್ಣೆಗೆ ಹದಿನೈದು. ಅಂಗಡಿಯಿಂದ ಬಂದಮೇಲೆ "ಎಷ್ಟಕ್ಕೆ ಹೊಡೆದೆ?" ಅಂತ ಕೇಳೋಳು. ನಾನು ಹೇಳಿದರೆ "ಹುಷಾರು ಹುಡುಗ" ಅಂತ ತಲೆ ಕೆದರೋಳು. ಆ ಒಂದು ಮಾತಿಗೆ ನಾನು ಏನು ಬೇಕಾದರೂ ಮಾಡ್ತಿದ್ದೆ. ಮಾಡಿದೆನಲ್ಲ, ಕೊನೆಗೆ.

ಮದುವೆಯಾಗಿ ಅವಳು ಅಲಾಸ್ಕಾದ ಆಂಕರೇಜ್‌ಗೆ ಹೋದಳು. ಇಬ್ಬರೂ ಸೇರಿ ನಾರ್ವೆಗೆ ಹೋಗಿ ಅಜ್ಜಿಯ ಊರು ನೋಡಬೇಕು ಅಂತ ಆಸೆ ಇತ್ತು. ಪ್ರತಿ ವರ್ಷ ನಾನೇ ತಡೀತಿದ್ದೆ. "ಈ ವರ್ಷ ಬೇಡ ಕಣೆ, ತುಂಬಾ ಪಾಯಿಂಟ್ ಕೇಳ್ತಿದ್ದಾರೆ." ಅವಳು ನಗೋಳು. "ಆಯ್ತಪ್ಪ, ಯಜಮಾನ್ರು ಹೇಳಿದಾಗಲೇ ಹೊರಡೋಣ."

ಮಾರ್ಚ್ ತಿಂಗಳ ಒಂದು ಭಾನುವಾರ ಅವಳ ಮಗಳು ಬ್ರಿಟ್ಟಾ ಫೋನ್ ಮಾಡಿದಳು. ಲಿಸಿಯ ಕ್ಯಾನ್ಸರ್ ವಿಷಯ ಗೊತ್ತಿತ್ತು. ಇಷ್ಟು ಬೇಗ ಅಂತ ಗೊತ್ತಿರಲಿಲ್ಲ.

"ಅಂಕಲ್, ಇನ್ನು ಔಷಧಿ ಬೇಡ ಅಂದುಬಿಟ್ಟರು ಡಾಕ್ಟರು. ಮನೆಗೆ ಕರ್ಕೊಂಡು ಬಂದಿದ್ದೀವಿ. ಎರಡು ವಾರ ಇರಬಹುದು ಅಂತಾರೆ. ನೀವು ಬಂದುಬಿಡಿ."

ಫೋನಿಟ್ಟವನೇ ಕಂಪ್ಯೂಟರ್ ಮುಂದೆ ಕೂತೆ. ಸೋಮವಾರದ ಟಿಕೆಟ್ ಏಳು ನೂರು ಡಾಲರ್, ಇಲ್ಲಾ ಅರವತ್ತೈದು ಸಾವಿರ ಪಾಯಿಂಟ್. ಒಂದು ಪಾಯಿಂಟಿಗೆ ಒಂದು ಸೆಂಟಿಗಿಂತ ಚೂರು ಮೇಲೆ. ಹಗಲು ದರೋಡೆ! ಮಂಗಳವಾರ ನೋಡಿದೆ, ಅಷ್ಟೇ. ಬುಧವಾರವೂ ಅಷ್ಟೇ. ಗುರುವಾರಕ್ಕೆ ಒಂದೇ ಒಂದು ಸೀಟು, ಹದಿನೆಂಟು ಸಾವಿರಕ್ಕೆ! ಪಾಯಿಂಟಿಗೆ ನಾಲ್ಕು ಸೆಂಟು ಬಿತ್ತು. ಅಂಥ ಬೆಲೆ ನಾನು ಎರಡು ವರ್ಷದಿಂದ ಕಂಡಿರಲಿಲ್ಲ. ಎರಡು ವಾರ ಇದೆಯಲ್ಲ, ನಾಲ್ಕು ದಿನದಲ್ಲಿ ಏನಾಗುತ್ತೆ ಅಂದುಕೊಂಡೆ. ನಾಚಿಕೆ ಬಿಟ್ಟು ನಿಜ ಹೇಳ್ತೀನಿ, ಆ ಗುಂಡಿ ಒತ್ತುವಾಗ ನನಗೆ ಖುಷಿಯಾಯ್ತು.

ಮಾರನೇ ದಿನ ಕೂಟ ಇತ್ತು. ಹೋದೆ. ಯಾಕೆ ಹೋದೆ ಅಂತ ಈಗ ಕೇಳಬೇಡಿ. ಅಕ್ಕನ ವಿಷಯ ಹೇಳಿ, ಗುರುವಾರದ ಟಿಕೆಟ್ ಹದಿನೆಂಟು ಸಾವಿರ ಅಂದ ಕೂಡಲೇ ಆರೂ ಜನ ಮೇಜು ತಟ್ಟಿದರು. ಕಾಫಿ ಹಾಕ್ತಿದ್ದ ರಾಕ್ಸಿ ಮಾತ್ರ ಕೈ ನಿಲ್ಲಿಸಿದಳು. ಇಪ್ಪತ್ತು ವರ್ಷದಿಂದ ಆ ಹೋಟೆಲಿನಲ್ಲಿ ಬಡಿಸ್ತಿರೋಳು, ಯಾರ ಮುಲಾಜೂ ಇಲ್ಲ ಅವಳಿಗೆ.

"ಏನ್ ಮೈಲೋ, ಅಕ್ಕ ಸಾಯ್ತಾ ಬಿದ್ದಿದ್ದಾಳೆ ಅಂತೀಯ, ಇಲ್ಲಿ ಕೂತು ಪ್ಯಾನ್‌ಕೇಕ್ ಕತ್ತರಿಸ್ತಿದ್ದೀಯ?"

"ಗುರುವಾರ ಹೋಗ್ತೀನಿ ಅಂದೆನಲ್ಲ."

"ಇವತ್ತು ವಿಮಾನ ಇಲ್ವಾ?"

"ಇದೆ. ಅರವತ್ತೈದು ಸಾವಿರ ಕೇಳ್ತಾರೆ."

"ನಿನ್ನ ಹತ್ರ ಎಷ್ಟಿದೆ?"

ನಾನು ಹೇಳಿದೆ. ಅವಳು ನನ್ನ ಮುಖ ನೋಡಿ, "ಥೂ ನಿನ್ನ" ಅಂದು, ನನ್ನ ಕಪ್ಪು ತುಂಬಿಸದೆ ಹೋದಳು. ನನಗೆ ಉರಿದುಹೋಯಿತು. ಅವತ್ತು ಅವಳಿಗೆ ಟಿಪ್ಸ್ ಇಡಲಿಲ್ಲ.

ಮನೆಗೆ ಬಂದು ಲಿಸಿಗೆ ಫೋನ್ ಮಾಡಿದೆ. ಅವಳ ದನಿ ಪಿಸುಮಾತಿನ ಹಾಗೆ ಬಂತು.

"ಯಾವತ್ತೋ ಬರೋದು?"

"ಗುರುವಾರ."

"ಮಂಗಳವಾರ, ಬುಧವಾರ..." ಅಂತ ಎಣಿಸಿದಳು. ಆಮೇಲೆ ಕೇಳಿದಳು, "ಎಷ್ಟಕ್ಕೆ ಹೊಡೆದೆ?"

"ಹದಿನೆಂಟು ಸಾವಿರ ಕಣೆ. ಬೇರೆ ದಿನಕ್ಕೆಲ್ಲ ಅರವತ್ತೈದು."

"ಅಬ್ಬಬ್ಬಾ! ಹುಷಾರು ಹುಡುಗ." ನಕ್ಕಳು, ಕೆಮ್ಮು ಬಂತು. "ಆಯ್ತು. ಗುರುವಾರಾನೇ ಬಾ. ಕಾಯ್ತೀನಿ."

ಆ ಮಾತು ಇಟ್ಟುಕೊಂಡು ಎರಡು ದಿನ ನೆಮ್ಮದಿಯಾಗಿದ್ದೆ. ಬಟ್ಟೆ ಇಸ್ತ್ರಿ ಮಾಡಿದೆ. ಅವಳಿಗಿಷ್ಟ ಅಂತ ಏಲಕ್ಕಿ ಬ್ರೆಡ್ಡು ತಂದು ಪೆಟ್ಟಿಗೆಗೆ ಹಾಕಿದೆ. ಬುಧವಾರ ಸಂಜೆ ಪೆಟ್ಟಿಗೆಯ ಜಿಪ್ ಎಳೀತಿದ್ದಾಗ ಬ್ರಿಟ್ಟಾ ಫೋನ್ ಬಂತು. ಅವಳು ಬರೀ "ಅಂಕಲ್" ಅಂದಳು. ಆಮೇಲೆ ಅಳು. ನಾನು ಜಿಪ್ ಕೈಯಲ್ಲಿ ಹಿಡಿದುಕೊಂಡೇ ನೆಲಕ್ಕೆ ಕೂತೆ.

ಗುರುವಾರ ಹೊರಟೆ. ಟಿಕೆಟ್ ಇತ್ತಲ್ಲ. ಪಕ್ಕದ ಸೀಟಿನಲ್ಲಿ ಮೀನುಗಾರಿಕೆಗೆ ಹೊರಟಿದ್ದ ದಪ್ಪನೆ ಮನುಷ್ಯ ಏಳು ನೂರು ಡಾಲರ್ ಕಿತ್ತರು ಅಂತ ಗೊಣಗ್ತಿದ್ದ. ನನ್ನ ಕಡೆ ತಿರುಗಿ, "ನೀವೆಷ್ಟು ಕೊಟ್ರಿ ಸಾರ್?" ಅಂದ.

"ಹದಿನೆಂಟು ಸಾವಿರ ಪಾಯಿಂಟ್," ಅಂದೆ. ನಾನು ಹೇಳಿದ್ದಲ್ಲ ಅದು, ಬಾಯಿ ತಾನಾಗಿ ಹೇಳಿಬಿಟ್ಟಿತು. ದನಿಯಲ್ಲಿ ಅದೇ ಹಳೇ ಜಂಬ ಬೇರೆ. ನನ್ನ ನಾಲಿಗೆ ಕಚ್ಚಿ ತುಂಡು ಮಾಡಬೇಕು ಅನ್ನಿಸಿತು.

"ಅಯ್ಯೋ, ಪುಣ್ಯವಂತರು ನೀವು! ರಜೆಗಾ?"

"ಅಕ್ಕನ್ನ ನೋಡೋಕೆ."

ಆಮೇಲೆ ಆರು ಗಂಟೆ ನಾನು ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ.

ನಿಲ್ದಾಣಕ್ಕೆ ಬ್ರಿಟ್ಟಾ ಬಂದಿದ್ದಳು. ಬೈಯಲಿ, ಉಗಿಯಲಿ ಅಂತ ಕಾಯ್ತಿದ್ದೆ. ಅವಳು ಬೈಯಲಿಲ್ಲ. ಕಾರು ಅರ್ಧ ದಾರಿ ಬಂದಮೇಲೆ ನಾನೇ ಕೇಳಿದೆ, "ನನ್ನನ್ನ ಕೇಳಿದಳಾ?"

"ಬಿಡಿ ಅಂಕಲ್."

"ಹೇಳಮ್ಮ."

ಅವಳು ರಸ್ತೆ ನೋಡ್ತಾನೇ ಹೇಳಿದಳು. "ನಿನ್ನೆ ಬೆಳಿಗ್ಗೆ ಎದ್ದೋಳೇ, ಇವತ್ತು ಗುರುವಾರಾನಾ ಅಂದ್ಲು. ಇಲ್ಲಮ್ಮ, ನಾಳೆ ಅಂದೆ. ಅರ್ಧ ಗಂಟೆಗೆ ಮತ್ತೆ, ಗುರುವಾರ ಆಯ್ತಾ? ಆಮೇಲೆ ಮತ್ತೆ. ನಾನು ಇಲ್ಲ ಅಂದಾಗಲೆಲ್ಲ ಉಸಿರನ್ನ ಜೋಪಾನ ಮಾಡೋ ಹಾಗೆ ಕಣ್ಣು ಮುಚ್ಚಿಕೊಳ್ಳೋಳು. ಮಧ್ಯಾಹ್ನ ನನ್ನಿಂದ ಆಗಲಿಲ್ಲ ಅಂಕಲ್. ಹೌದಮ್ಮ, ಗುರುವಾರ, ಮೈಲೋ ಅಂಕಲ್ ಹೊರಟಿದ್ದಾರೆ ಅಂತ ಸುಳ್ಳು ಹೇಳಿಬಿಟ್ಟೆ."

ಕಾರು ಸಿಗ್ನಲ್ಲಿನಲ್ಲಿ ನಿಂತಿತು.

"ತಲೆ ಬಾಚು ಅಂದ್ಲು. ಬಾಚಿದೆ. ಬಾಗಿಲ ಕಡೆ ಮುಖ ಮಾಡಿ ಮಲಗಿಸು ಅಂದ್ಲು. ಹಾಸಿಗೆ ಪಕ್ಕಕ್ಕೆ ನಿಮಗೆ ಅಂತ ಒಂದು ಕುರ್ಚಿ ಹಾಕಿಸಿದ್ಲು. ನರ್ಸ್ ಬಂದಾಗ, ನನ್ನ ತಮ್ಮ ಬರ್ತಿದ್ದಾನೆ, ಹದಿನೆಂಟು ಸಾವಿರಕ್ಕೆ ಹೊಡೆದಿದ್ದಾನೆ, ಭಾರೀ ಹುಷಾರು ಅಂತ ಹೇಳ್ಕೊಂಡ್ಲು. ಆಮೇಲೆ ಬಾಗಿಲು ನೋಡ್ತಾ ಮಲಗಿದ್ಲು."

ನನ್ನ ಖಾತೆಯಲ್ಲಿ ಎಂಟು ಲಕ್ಷದ ಇಪ್ಪತ್ತೆರಡು ಸಾವಿರ ಪಾಯಿಂಟ್ ಇನ್ನೂ ಇತ್ತು.

ಮನೆಯಲ್ಲಿ ಲಿಸಿ ಇರಲಿಲ್ಲ, ದೇಹವನ್ನ ಬೆಳಿಗ್ಗೆಯೇ ತಗೊಂಡು ಹೋಗಿದ್ದರು. ಹಾಸಿಗೆಯ ಮೇಲೆ ಹೊದಿಕೆ ಮಡಿಸಿಟ್ಟಿತ್ತು. ಪಕ್ಕದಲ್ಲಿ ಆ ಕುರ್ಚಿ ಹಾಗೇ ಇತ್ತು, ಬಾಗಿಲಿಗೆ ಬೆನ್ನು ಮಾಡಿ. ಕೋಟು ಕೂಡ ಬಿಚ್ಚದೆ ಹೋಗಿ ಅದರಲ್ಲಿ ಕೂತೆ.

"ಬಂದೆ ಕಣೆ ಲಿಸಿ," ಅಂದೆ.